ಹೊಳೆಯ ನೀರು, ಕೇರಿಯ ಕತ್ತಲೆ

ಕರೆಂಟಿಗೂ ಜಾತಿ ಇದೆಯೇ ಅಂತ ಕೇಳಿದರೆ ನಗುವವರಿದ್ದಾರೆ. ತಂತಿಗೆ ಜಾತಿ ಇಲ್ಲ, ನಿಜ. ಆದರೆ ಕಂಬ ಎಲ್ಲಿ ನೆಡಬೇಕು, ಯಾರ ಮನೆಗೆ ಎಷ್ಟು ಬೆಳಕು ಸಾಕು ಅನ್ನೋದನ್ನ ತೀರ್ಮಾನಿಸಿದ್ದು ತಂತಿಯಲ್ಲ, ಮನುಷ್ಯರು. ಆ ತೀರ್ಮಾನಕ್ಕೊಂದು ಚರಿತ್ರೆಯಿದೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ಗೊರೂರು, ಹೊಳೆನರಸೀಪುರ ಹಾದುಬಂದ ಹೇಮಾವತಿ, ಅರಕಲಗೂಡು ಸೀಮೆಯ ರಾಮನಾಥಪುರ ಮುಟ್ಟಿಬಂದ ಕಾವೇರಿ, ಎರಡರ ನೀರೂ ಹರಿದದ್ದು ಅಲ್ಲಿಗೇ. ಕರೆಂಟು ಹೋದದ್ದೆಲ್ಲಿಗೆ? 90 ಮೈಲಿಗೂ ಮೀರಿದ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಮೊದಲು ಚಿನ್ನ, ಆಮೇಲೆ ಪೇಟೆ. ನೀರು ಕೊಟ್ಟ ಸೀಮೆಯ ಕೇರಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು.

1957ರಲ್ಲಿ ಮೈಸೂರು ರಾಜ್ಯಕ್ಕೆ ವಿದ್ಯುತ್ ಮಂಡಳಿ ಬಂತು. ಹಳ್ಳಿಗಳಿಗೆ ಕಂಬ ಬಂದವು. ಆದರೆ ಸರ್ಕಾರದ ಲೆಕ್ಕದಲ್ಲಿ 'ಹಳ್ಳಿಗೆ ಕರೆಂಟು ಬಂತು' ಅಂದರೆ ಕೇರಿಯ ಪ್ರತಿ ಮನೆಗೂ ಬಂತು ಅಂತಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ ಭಾಗ್ಯಜ್ಯೋತಿ ಬಂತು: ಬಡವರ ಮನೆಗೊಂದು ಬಲ್ಬು. 1988-89ರಲ್ಲಿ ಕೇಂದ್ರದ ಕುಟೀರಜ್ಯೋತಿ. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮುಗಿಸಿದ ನಾವು ಇಂಥ ಬೆಳಕಿನ ಮಕ್ಕಳು. ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಆ 'ಭಾಗ್ಯ'ಕ್ಕೂ ಅಳತೆಯಿತ್ತು. ತಿಂಗಳಿಗೆ 18 ಯೂನಿಟ್ಟು. ಆಮೇಲೆ 40 ಮಾಡಿದರು. ಮೀರಿದರೆ ಬಿಲ್ಲು, ಬಿಲ್ಲು ಕಟ್ಟದಿದ್ದರೆ ಬಾಕಿ, ಬಾಕಿ ಬೆಳೆದರೆ ಫ್ಯೂಸು ಕಿತ್ಕಂಡು ಹೋಗೋದು. 2023ರ ಜುಲೈನಿಂದ ಗೃಹಜ್ಯೋತಿ ಬಂದಿದೆ. ಹಿಂದಿನ ಬಳಕೆಯ ಸರಾಸರಿಯ ಮೇಲೆ ಇಷ್ಟು ಅಂತ ಲೆಕ್ಕ, 200 ಯೂನಿಟ್ಟು ಅದರ ಮಿತಿ. ಒಳ್ಳೆಯದೇ. ಆದರೆ ಯೋಜನೆ ಬೇರೆ, ಹಕ್ಕು ಬೇರೆ. ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಸರ್ಕಾರ ಕಿತ್ತುಕೊಳ್ಳಬಹುದು.

ಹಾಸನವನ್ನು 'ಬಡವರ ಊಟಿ' ಅಂತಾರೆ. 3,000 ಅಡಿ ಎತ್ತರದ ಊರು. ಇಲ್ಲಿ ಚಳಿ ಬಡವರದು, ಊಟಿ ಮಾತ್ರ ಬೇರೆಯವರದು! ಮಾಗಿಯಲ್ಲಿ ಬೇಗ ಕತ್ತಲಾಗುತ್ತದೆ. ಕೂಲಿಗೆ ಹೋದ ಅವ್ವ ಮನೆಗೆ ಬರುವಾಗಲೇ ಕಪ್ಪು. ಎಸ್ಸೆಸ್ಸೆಲ್ಸಿ ಹುಡುಗಿ ಪುಸ್ತಕ ಹಿಡಿಯುವ ತಿಂಗಳುಗಳೂ ಅವೇ. ಕೆಮ್ಮುವ ಮುದುಕ, ಹಸಿ ಬಾಣಂತಿ, ತೊಟ್ಟಿಲ ಕೂಸು ಇರುವ ಮನೆಯಲ್ಲಿ ಆಗ ಬೆಳಕು ಕಿತ್ತರೆ ಅದನ್ನು ಬಾಕಿ ವಸೂಲಿ ಅಂತ ಕರೆಯೋದು ಹೇಗೆ? ರೇಷನ್ ಸೀಮೆಎಣ್ಣೆಯ ಕಾಲವೂ ಮುಗಿಯುತ್ತ ಬಂದಿದೆ. ಬುಡ್ಡಿಗೆ ವಾಪಸ್ ಹೋಗೋಣವೆಂದರೆ ಬುಡ್ಡಿಗೂ ಎಣ್ಣೆಯಿಲ್ಲ.

ಕಾನೂನು ಏನನ್ನುತ್ತದೆ? ಬ್ರಿಟಿಷರ 1910ರ ಕಾಯ್ದೆ ಕರೆಂಟು ಕಡಿಯುವ ಮುಂಚೆ 7 ದಿನದ ನೋಟೀಸು ಕೊಡಿ ಅಂದಿತ್ತು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಅದನ್ನು 15 ದಿನ ಮಾಡಿತು. ಬರಹದ ನೋಟೀಸೇ ಬೇಕು, ಬಾಯಿಮಾತು ಸಾಲದು. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಪ್ರತಿಭಟನೆ ದಾಖಲಿಸಿ ಕಟ್ಟಿದರೆ, ತಕರಾರು ಇತ್ಯರ್ಥವಾಗುವ ತನಕ ಕಡಿಯುವಂತಿಲ್ಲ. ಇದನ್ನು ನಮ್ಮ ಕೇರಿಗಳಲ್ಲಿ ಎಷ್ಟು ಜನ ಬಲ್ಲರು? ಹಳ್ಳಿಯ ಮೇಷ್ಟ್ರುಗಳೇ, ಇದನ್ನು ಕರಿಹಲಗೆಯ ಮೇಲೆ ಬರೆಯಿರಿ. ಆದರೆ 1910ರಿಂದ ಇವತ್ತಿನವರೆಗೆ ಈ ಕಾಯ್ದೆಗಳಿಗೆ ದಿನ ಎಣಿಸೋದು ಗೊತ್ತು, ಚಳಿ ಗೊತ್ತಿಲ್ಲ.

ಚಳಿ ಗೊತ್ತಿರುವ ಕಾನೂನುಗಳು ಲೋಕದಲ್ಲಿವೆ. ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಬಿಲ್ಲು ಕಟ್ಟಿಲ್ಲವೆಂದು ವಾಸದ ಮನೆಯ ಕರೆಂಟು ಕಡಿಯುವಂತಿಲ್ಲ. 2013ರ ಕಾನೂನು ಇದನ್ನು ಎಲ್ಲ ಮನೆಗಳಿಗೂ ವಿಸ್ತರಿಸಿತು. ಬ್ರಿಟನ್ನಿನಲ್ಲಿ ಒಂಟಿ ವೃದ್ಧರಿಗೆ ಚಳಿಗಾಲದಲ್ಲಿ ಇಂಥದೇ ರಕ್ಷಣೆಯಿದೆ. ನಮ್ಮಲ್ಲಿ ಆಧಾರವೇ ಇಲ್ಲವೆ? ಇದೆ. 1995ರಲ್ಲಿ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೂರಿನ ಹಕ್ಕಿನಲ್ಲಿ ವಿದ್ಯುತ್ತೂ ಸೇರಿದೆ ಅಂದಿತು. ಆ ಮೊಕದ್ದಮೆ ಎದ್ದದ್ದು ಯಾಕೆ ಗೊತ್ತೆ? ಉತ್ತರ ಪ್ರದೇಶದಲ್ಲಿ ದಲಿತರಿಗೆ ಮನೆ ಕಟ್ಟಲು ಜಮೀನು ವಶಪಡಿಸಿಕೊಂಡದ್ದನ್ನು ಜಮೀನುದಾರರು ಪ್ರಶ್ನಿಸಿದ್ದಕ್ಕೆ.

ಈಗ ದುಡ್ಡು ಮೊದಲೇ ತುಂಬಿಸುವ ಪ್ರೀಪೇಯ್ಡ್ ಮೀಟರುಗಳ ಮಾತು ನಡೆದಿದೆ. ಅವು ಬಂದರೆ ಕಂಬ ಹತ್ತಲು ಲೈನ್‌ಮನ್ನೂ ಬೇಕಾಗಿಲ್ಲ. ದುಡ್ಡು ಮುಗಿದಾಗ ಮೀಟರೇ ಕಡಿಯುತ್ತದೆ. ಮೀಟರಿನ ಹತ್ತಿರ ಯಾರು ಗೋಗರೆಯೋದು?

ಆದ್ದರಿಂದ ನಾವು ಕೇಳೋದು ಇಷ್ಟು. ನವೆಂಬರ್‌ನಿಂದ ಫೆಬ್ರವರಿ ತನಕ ಬಡವರ ಮನೆಯ ಫ್ಯೂಸು ಮುಟ್ಟಬಾರದು. ಬಾಕಿಯನ್ನು ಕಂತಿನಲ್ಲಿ ತಗೊಳ್ಳಲಿ. ನೋಟೀಸನ್ನು ಓದಲು ಬಾರದವರಿಗೆ ಓದಿ ಹೇಳಲಿ. ಇದು ಯಾರ ಉದಾರತೆಯ ಮಾತೂ ಅಲ್ಲ. ನೂರಿಪ್ಪತ್ತು ವರ್ಷದಿಂದ ನಮ್ಮ ಸೀಮೆಯ ಹೊಳೆಗಳು ಚಕ್ರ ತಿರುಗಿಸಿವೆ. ಬಾಕಿಯ ಲೆಕ್ಕ ತೆಗೆಯೋದಾದರೆ ಅಲ್ಲಿಂದಲೇ ತೆಗೆಯಲಿ.