ರಸ್ತೆ ಬಂದರೂ ಜೀಪ್ ಯಾಕೆ ಹೋಗಲಿಲ್ಲ?

ಸೂರತ್ತಿನ ಕತಾರ್‌ಗಾಮ್‌ನಲ್ಲಿ ಸಂಜೆ ಟ್ರಾಫಿಕ್ ಹೊತ್ತಿಗೆ ನಿಂತು ನೋಡಿ. ವಜ್ರದ ಕಾರ್ಖಾನೆ ಬಿಟ್ಟು ಮನೆಗೆ ಹೊರಟ ಬೈಕುಗಳ ನಡುವೆ ಒಂದಾದರೂ ಥಾರ್ ಕಾಣುತ್ತೆ. ದಪ್ಪ ಟೈರು, ಎತ್ತರದ ಬಾನೆಟ್ಟು. ಈ ಊರಲ್ಲಿ ಏರು ಅಂದ್ರೆ ಫ್ಲೈಓವರ್ ಒಂದೇ! ಹಾಗಿದ್ದೂ ಜನ ಇದನ್ನ ಯಾಕೆ ಕೊಳ್ತಾರೆ? 'ಶೋಕಿ' ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ನಮ್ಮಲ್ಲಿ ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಗೊತ್ತು, ಇದರ ಹಿಂದೆ ಶೋಕಿಗಿಂತ ಹಳೆಯ ಕತೆ ಇದೆ. ಇವತ್ತು ಆ ಕತೆ.

ಜೀಪ್ ಹುಟ್ಟಿದ್ದು ಯುದ್ಧಕ್ಕಾಗಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಗುರ ಗಾಡಿ ಬೇಕು, 49 ದಿನದಲ್ಲಿ ಮಾದರಿ ತಯಾರಿಸಿ ಕೊಡಿ ಅಂತ ಕೇಳಿತು. ಮುಂದೆ ಬಂದದ್ದು ಎರಡೇ ಕಂಪನಿ, ಬ್ಯಾಂಟಮ್ ಮತ್ತು ವಿಲ್ಲಿಸ್. ಬ್ಯಾಂಟಮ್‌ಗಾಗಿ ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ಕ್ಕೆ ಗಾಡಿ ಸೇನೆಯ ಕೈ ಸೇರಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯೋದರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದವು.

ಇಲ್ಲಿ ಒಂದು ವಿಷಯ ಗಮನಿಸಿ. ಯುದ್ಧಭೂಮಿಯಲ್ಲಿ ಸರ್ವಿಸ್ ಸೆಂಟರ್ ಇರಲ್ಲ. ಕೆಸರಲ್ಲಿ ನಿಂತ ಗಾಡಿಯನ್ನ ಓಡಿಸುವ ಸಿಪಾಯಿಯೇ ಸ್ಪ್ಯಾನರ್ ಹಿಡಿದು ಸರಿ ಮಾಡ್ಕೋಬೇಕು. ಹಾಗಾಗಿ ಎಲ್ಲವೂ ಸರಳ: ಮಡಚಿ ಇಡಬಹುದಾದ ಗಾಜು, ಚಪ್ಪಟೆ ತಗಡು, ಲೀಫ್ ಸ್ಪ್ರಿಂಗ್, ಬಾನೆಟ್ ಎತ್ತಿದರೆ ಕಣ್ಣಿಗೆ ಕಾಣುವ ಎಂಜಿನ್. ಜೀಪಿನ ಮೇಲೆ ಮಾಲೀಕರಿಗೆ ಇರೋ ಮೋಹದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ಕೆಟ್ಟರೆ ಯಾಕೆ ಕೆಟ್ಟಿತು ಅಂತ ಇಟ್ಟುಕೊಂಡವನಿಗೇ ಅರ್ಥವಾಗುವ ಗಾಡಿ ಇದು.

ಭಾರತಕ್ಕೂ ಇದು ಯುದ್ಧದ ದಾರಿಯಲ್ಲೇ ಬಂತು. ಅಸ್ಸಾಮಿನ ಲೆಡೋದಿಂದ ಬರ್ಮಾ ದಾಟಿ ಚೀನಾದ ಕುನ್‌ಮಿಂಗ್ ಮುಟ್ಟುವ ರಸ್ತೆಯಲ್ಲಿ ಈ ಜೀಪುಗಳು ಓಡಿದವು. ಯುದ್ಧ ಮುಗಿದ ಮೇಲೆ ಉಳಿದ ಗಾಡಿಗಳು ಡಿಸ್ಪೋಸಲ್‌ನಲ್ಲಿ ಮಾರಾಟವಾದವು. ಅದೇ ಸಮಯಕ್ಕೆ, 1945ರ ಅಕ್ಟೋಬರ್ 2ರಂದು, ಲುಧಿಯಾನಾದಲ್ಲಿ 'ಮಹೀಂದ್ರ ಆ್ಯಂಡ್ ಮೊಹಮ್ಮದ್' ಅನ್ನೋ ಉಕ್ಕಿನ ವ್ಯಾಪಾರದ ಕಂಪನಿ ಶುರುವಾಯ್ತು. ದೇಶ ವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಆ್ಯಂಡ್ ಮಹೀಂದ್ರ' ಆಯ್ತು. ಬಾಂಬೆಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸೋ ಕೆಲಸ ಆರಂಭವಾದದ್ದು 1947ರಲ್ಲಿ. ಅಮೆರಿಕದಲ್ಲಿ ಎತ್ತರದ ಬಾನೆಟ್ಟಿನ 'ಸಿಜೆ-3ಬಿ' ಜೀಪು 1968ಕ್ಕೆ ನಿಂತುಹೋಯ್ತು. ನಮ್ಮಲ್ಲಿ ಮಾತ್ರ ಅದರ ಸಂತತಿ ಇನ್ನೂ ಹಲವು ದಶಕ ಬಾಳಿತು. 1980ರ ದಶಕದಲ್ಲಿ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಇಟ್ಟ ಎಂಎಂ 540 ಬಂತು. 1985ರಲ್ಲಿ ಮಾರುತಿ ಜಿಪ್ಸಿ ಬಂತು.

ಈಗ ನಮ್ಮೂರಿಗೆ ಬರೋಣ. ಸೂರತ್ ಪಕ್ಕ ಹರಿಯೋ ತಾಪಿ ನದಿ ಇದೆಯಲ್ಲ, ಅದರ ದಕ್ಷಿಣಕ್ಕೆ ಡಾಂಗ್ ಜಿಲ್ಲೆಯ ಕಡೆಯಿಂದ ಸಹ್ಯಾದ್ರಿ ಶುರುವಾಗುತ್ತೆ. ಅದೇ ಸಾಲು ಮುಂದುವರಿದು ನಮ್ಮ ಆಗುಂಬೆ, ಕೊಡಚಾದ್ರಿ, ಕೊಡಗಿನ ಬೆಟ್ಟಗಳಾಗೋದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಇಂಥ ಕಡೆ ಊರು ಅಂದ್ರೆ ಗುಡ್ಡಕ್ಕೊಂದು ಮನೆ. ಡಾಂಬರು ರಸ್ತೆಯಿಂದ ಮನೆ ಅಂಗಳದವರೆಗಿನ ಎರಡು ಮೈಲಿ ಮಣ್ಣಿನ ದಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಣ್ಣೆ ಸವರಿದ ಹಾಗೆ ಜಾರುತ್ತೆ.

ಆ ದಾರಿಯಲ್ಲಿ ಜೀಪ್ ಮಾಡ್ತಿದ್ದ ಕೆಲಸ ನೋಡಿ. ಗೇರ್ ಪಕ್ಕದ ಸಣ್ಣ ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ ಹೋಗುತ್ತೆ. 'ಲೋ'ಗೆ ಹಾಕಿದರೆ ವೇಗ ಸುಮಾರು ಅರ್ಧಕ್ಕೆ ಇಳಿದು ಎಳೆಯೋ ಬಲ ಸುಮಾರು ಎರಡರಷ್ಟಾಗುತ್ತೆ. ಅದೂ ಸಾಲದಿದ್ದರೆ ಟೈರಿಗೆ ಕಬ್ಬಿಣದ ಚೈನ್ ಕಟ್ಟೋದು. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ನಡುರಾತ್ರಿ ಹೆರಿಗೆ ನೋವು ಬಂದ ತುಂಬು ಬಸುರಿ, ಎಲ್ಲಕ್ಕೂ ಅದೇ ಗಾಡಿ. ಒಂದೂರಲ್ಲಿ ಒಬ್ಬರ ಮನೇಲಿ ಜೀಪ್ ಇದ್ದರೆ ಅದು ಅರ್ಧ ಊರಿನ ಆಂಬುಲೆನ್ಸ್. 'ಆಫ್‌ರೋಡ್' ಅನ್ನೋ ಪದ ಅಲ್ಲಿ ಯಾರೂ ಕೇಳಿರಲಿಲ್ಲ. ಅವರಿಗೆ ಅದೇ ರೋಡು.

ಇವತ್ತು ಬಹಳಷ್ಟು ಕಡೆ ಕಾಂಕ್ರೀಟ್ ರಸ್ತೆ ಅಂಗಳಕ್ಕೇ ಬಂದಿದೆ. ಸಣ್ಣ ಕಾರು ಸಾಕು. ಹಾಗಂತ ಅಪ್ಪನ ಜೀಪನ್ನ ಗುಜರಿಗೆ ಹಾಕೋಕೆ ಮಗನಿಗೆ ಮನಸ್ಸು ಬರಲ್ಲ. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5000 ಆಯ್ತು. ಆದರೂ ಕಟ್ಟಿ ಇಟ್ಕೊಂಡವರಿದ್ದಾರೆ. ಲೆಕ್ಕ ಹಾಕಿದರೆ ಇದು ನಷ್ಟವೇ. ಆದರೆ ಆ ಸೀಟಲ್ಲಿ ಕೂತಾಗ ನೆನಪಾಗೋದು ಮೈಲೇಜ್ ಅಲ್ಲ.

ಕಂಪನಿಗಳಿಗೂ ಇದು ಗೊತ್ತು. 2010ರಲ್ಲಿ ಬಂದ ಥಾರ್ ಹಳೆ ಜೀಪಿನ ಮುಖವನ್ನೇ ಇಟ್ಟುಕೊಂಡಿತ್ತು. ಎರಡನೇ ಥಾರ್ ಮಾರುಕಟ್ಟೆಗೆ ಬಂದದ್ದು 2020ರ ಅಕ್ಟೋಬರ್ 2ಕ್ಕೆ, ಅಂದ್ರೆ ಕಂಪನಿ ಹುಟ್ಟಿ ಸರಿಯಾಗಿ 75 ವರ್ಷಕ್ಕೆ. ಆ ಮುಖಕ್ಕಾಗಿ ಅಮೆರಿಕದಲ್ಲಿ ವ್ಯಾಜ್ಯವೇ ನಡೀತು. ಮಹೀಂದ್ರದ 'ರಾಕ್ಸರ್' ತಮ್ಮ ಜೀಪಿನ ಆಕಾರ ಕದ್ದಿದೆ ಅಂತ 2018ರಲ್ಲಿ ಫಿಯೆಟ್ ಕ್ರೈಸ್ಲರ್ ದೂರು ಕೊಟ್ಟಿತು. 2020ರಲ್ಲಿ ಮೂಲ ವಿನ್ಯಾಸದ ವಿರುದ್ಧ ತೀರ್ಪು ಬಂತು, ಬದಲಿಸಿದ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿತು. ಮುಂಭಾಗದ ತಗಡಿನ ಆಕಾರಕ್ಕೆ ಇಷ್ಟು ಬೆಲೆ!

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಹಳೆ ಜೀಪಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಹಿಂದಿನ ಬೆಂಚಲ್ಲಿ ಕೂತವರಿಗೆ ಹಿಡ್ಕೊಳ್ಳೋಕೆ ಕಂಬಿ ಒಂದೇ ಗತಿ. 2020ರ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ಸಿಕ್ಕಿದ್ದು ನಿಜವಾದ ಸುಧಾರಣೆ.

ಆದರೆ ಒಂದು ವಿಷಯ ಕೆಟ್ಟಿದೆ. ಕೊಲ್ಲೂರಿನಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಬಾಡಿಗೆ ಜೀಪುಗಳು ಹತ್ತುತ್ತವೆ. ಅದು ಸ್ಥಳೀಯರ ಹೊಟ್ಟೆಪಾಡು. ಇರೋ ದಾರಿಯಲ್ಲಿ, ದಾರಿ ಗೊತ್ತಿರೋರು ಓಡಿಸ್ತಾರೆ. ವಾರಾಂತ್ಯಕ್ಕೆ ಬರೋ ಕೆಲವರು ಹಾಗಲ್ಲ, ಥ್ರಿಲ್‌ಗಾಗಿ ದಾರಿ ಬಿಟ್ಟು ಹುಲ್ಲುಗಾವಲಿಗೆ, ಹಳ್ಳಕ್ಕೆ ಇಳಿಸ್ತಾರೆ. ಇಳಿಜಾರಿನ ಹುಲ್ಲು ಕಿತ್ತು ಬಿದ್ದ ಚಕ್ರದ ಗುರುತು ಮುಂದಿನ ಮಳೆಗೆ ಕಾಲುವೆಯಾಗುತ್ತೆ. ಅಲ್ಲಿಂದ ಮಣ್ಣು ಕೊಚ್ಚಿ ಹೋಗುತ್ತೆ. ಆ ಶೋಲಾ ಹುಲ್ಲುಗಾವಲು ಸ್ಪಂಜಿನ ಹಾಗೆ ಮಳೆನೀರು ಹಿಡಿದಿಟ್ಟು ಕೆಳಗಿನ ಹೊಳೆಗೆ ಬಿಡುತ್ತೆ. ಅದು ಹೋದರೆ ಬೇಸಿಗೆಯಲ್ಲಿ ಕೆಳಗಿನ ಊರಿಗೆ ನೀರೇ ಇಲ್ಲ.

ನಮ್ಮ ಹಿರಿಯರು ಜೀಪ್ ಹತ್ತಿದ್ದು ದಾರಿ ಇಲ್ಲದ್ದಕ್ಕೆ. ದಾರಿ ಇದ್ದೂ ಬಿಟ್ಟು ಹೋಗೋದಕ್ಕೆ ಅಲ್ಲ. ಥಾರ್ ತಗೊಳ್ಳಿ, ಸಾಪುತಾರಾಕ್ಕೆ ಹೋಗಿ, ರಜೆಗೆ ಊರಿಗೂ ಓಡಿಸಿಕೊಂಡು ಹೋಗಿ. ಬಾನೆಟ್ ಎತ್ತಿ ಒಳಗೇನಿದೆ ಅಂತ ಕಲೀರಿ. ಮಳೆಗಾಲದಲ್ಲಿ ಯಾರಾದ್ರೂ ಕೆಸರಲ್ಲಿ ಸಿಕ್ಕಿಕೊಂಡಿದ್ರೆ ಹಗ್ಗ ಕಟ್ಟಿ ಎಳೀರಿ. ಆಗ ಅದು ನಮ್ಮೂರಿನ ಜೀಪ್ ಆಗುತ್ತೆ. ನಿಮ್ಮ ಮನೆ ಜೀಪಿನ ಕತೆ ಇದ್ದರೆ ತಪ್ಪದೆ ಬರೆದು ತಿಳಿಸಿ.