ತಾಳ್ಮೆ ಬೇಡುವ ಕಾದಂಬರಿ

ಐತಿಹಾಸಿಕ ಕಾದಂಬರಿಯೊಂದನ್ನು ಉತ್ಸಾಹದಿಂದ ಕೈಗೆತ್ತಿಕೊಂಡು, ಮೂವತ್ತು ನಲವತ್ತು ಪುಟ ಓದುವಷ್ಟರಲ್ಲಿ ಬೇಸತ್ತು ಮುಚ್ಚಿಟ್ಟ ಅನುಭವ ನಿಮ್ಮಲ್ಲಿ ಅನೇಕರಿಗೆ ಉಂಟು. ವಂಶಾವಳಿ, ಹಳೆಯ ವ್ಯಾಜ್ಯ, ಮನೆತನದ ವೈಭವ. ಇವುಗಳ ನಡುವೆ ಕಥೆ ಎಲ್ಲಿ ಎಂದು ಹುಡುಕುವಂತಾಗುತ್ತದೆ. ಇಂಥ ಪುಸ್ತಕಗಳಿಗೆಲ್ಲ ಹಿರಿಯಣ್ಣ ಸರ್ ವಾಲ್ಟರ್ ಸ್ಕಾಟನ ‘ವೇವರ್ಲಿ’. ಯುರೋಪಿನ ಐತಿಹಾಸಿಕ ಕಾದಂಬರಿಗೆ ದಾರಿ ಹಾಕಿಕೊಟ್ಟ ಈ ಗ್ರಂಥವನ್ನು ಅರ್ಧದಲ್ಲೇ ಕೈಬಿಟ್ಟವರಲ್ಲಿ ಅದರ ಕರ್ತೃವೂ ಒಬ್ಬನೆಂದರೆ ನಿಮಗೆ ಆಶ್ಚರ್ಯವಾದೀತು.

ಸ್ಕಾಟನು ಇದನ್ನು ಆರಂಭಿಸಿದ್ದು 1805ರ ಸುಮಾರಿಗೆ. ಏಳು ಅಧ್ಯಾಯಗಳಷ್ಟನ್ನು ಬರೆದು ಮಿತ್ರನೊಬ್ಬನಿಗೆ ತೋರಿಸಿದನು, ಮಿತ್ರನು ಮೆಚ್ಚಲಿಲ್ಲ. ಹಸ್ತಪ್ರತಿ ಹಳೆಯ ಮೇಜಿನೊಳಗೆ ಸೇರಿತು, ಮೇಜು ಅಟ್ಟ ಸೇರಿತು. ವರ್ಷಗಳಾದ ಮೇಲೆ, ಅತಿಥಿಯೊಬ್ಬನಿಗಾಗಿ ಮೀನಿನ ಗಾಳದ ಸಾಮಾನು ಹುಡುಕುವಾಗ ಅದು ಮತ್ತೆ ಕೈಗೆ ಸಿಕ್ಕಿತೆಂದು ಅವನೇ ಹೇಳಿದ್ದಾನೆ. 1814ರಲ್ಲಿ ಕಡೆಯ ಎರಡು ಸಂಪುಟಗಳನ್ನು ಮೂರೇ ವಾರಗಳಲ್ಲಿ ಮುಗಿಸಿದನು. ಆ ಜುಲೈ ತಿಂಗಳಲ್ಲಿ ಲೇಖಕನ ಹೆಸರಿಲ್ಲದೆ ಹೊರಬಂದ ಪುಸ್ತಕದ ಮೊದಲ ಸಾವಿರ ಪ್ರತಿಗಳು ಕೆಲವೇ ವಾರಗಳಲ್ಲಿ ಮುಗಿದುವು.

ಆದರೆ ಆ ಮೊದಲ ಅಧ್ಯಾಯಗಳು ಇಂದಿಗೂ ನಿಧಾನವೇ. ಮೊದಲನೆಯ ಅಧ್ಯಾಯವೆಲ್ಲ ಪುಸ್ತಕದ ಹೆಸರಿನ ಚರ್ಚೆ. ಅನಂತರ ನಾಯಕ ಎಡ್ವರ್ಡ್ ವೇವರ್ಲಿಯ ಮನೆತನ. ದೊಡ್ಡಪ್ಪನಿಗೆ ದೇಶಭ್ರಷ್ಟರಾದ ಸ್ಟುವರ್ಟ್ ಅರಸರ ಮೇಲೆ ಮಮತೆ. ತಂದೆ ಅಧಿಕಾರದ ಆಸೆಯಿಂದ ಆಳುವ ಪಕ್ಷ ಸೇರಿದವನು. ಹುಡುಗನೋ ಪುಸ್ತಕಶಾಲೆಯಲ್ಲಿ ಕುಳಿತು ಮನಬಂದಂತೆ ಓದಿ ಕನಸು ಕಾಣುವವನು. ಹಳೆಯ ರಾಜಕೀಯದಿಂದ ಓದುಗರನ್ನು ಪೀಡಿಸುತ್ತಿದ್ದೇನೆಂದು ಸ್ಕಾಟನೇ ಐದನೆಯ ಅಧ್ಯಾಯದಲ್ಲಿ ಕ್ಷಮೆ ಬೇಡುತ್ತಾನೆ: ತನ್ನದು ಆಕಾಶದಲ್ಲಿ ಹಾರುವ ರಥವಲ್ಲ, ದಿಣ್ಣೆ ಹತ್ತಿ ಇಳಿಯುವ ಸಾಮಾನ್ಯ ಬಂಡಿ ಎಂಬುದು ಅವನ ಸಮಾಧಾನ.

ಬಂಡಿಯಿಂದ ಇಳಿಯದೆ ಕುಳಿತಿರಿ. ಸೈನ್ಯದ ಅಧಿಕಾರಿಯಾಗಿ ಸ್ಕಾಟ್ಲೆಂಡಿಗೆ ಬಂದ ಎಡ್ವರ್ಡನು ದೊಡ್ಡಪ್ಪನ ಮಿತ್ರನ ಮನೆಗೆ ಹೋಗುತ್ತಾನೆ. ಒಂದು ರಾತ್ರಿ ಆ ಮನೆಯ ಹಾಲು ಕರೆಯುವ ಹಸುಗಳನ್ನು ಮಲೆನಾಡಿನ ಕಳ್ಳರು ಹೊಡೆದುಕೊಂಡು ಹೋಗುತ್ತಾರೆ. ಆ ಹಸುಗಳ ಜಾಡು ಹಿಡಿದು ಕಥೆಯೂ ಬೆಟ್ಟ ಹತ್ತುತ್ತದೆ. ಕುಲನಾಯಕ ಫರ್ಗಸ್, ಅವನ ತಂಗಿ ಫ್ಲೋರಾ ಎದುರಾಗುತ್ತಾರೆ. 1745ರ ದಂಗೆ ಏಳುತ್ತದೆ. ದೊರೆ ಜಾರ್ಜನ ಅಧಿಕಾರಿಯಾದ ಎಡ್ವರ್ಡನು ಸ್ಟುವರ್ಟ್ ರಾಜಕುಮಾರ ಚಾರ್ಲ್ಸನ ಪಕ್ಷ ಸೇರುತ್ತಾನೆ. ಮೊದಲ ಪುಟಗಳನ್ನು ಹಾರಿಸಿದವರಿಗೆ ಅವನು ಬರಿಯ ಚಂಚಲನಾಗಿ ಕಂಡಾನು. ಓದಿದವರಿಗೆ ಹಾಗಲ್ಲ; ದೊಡ್ಡಪ್ಪನ ಮಮತೆ, ಪುಸ್ತಕಶಾಲೆಯ ಕನಸು ಎರಡೂ ಸೇರಿ ಅವನನ್ನು ಎಳೆದುವೆಂದು ಅವರು ಬಲ್ಲರು.

ತಾಳ್ಮೆಯ ಫಲವೆಲ್ಲ ಕಾರ್ಲೈಲಿನ ನ್ಯಾಯಸ್ಥಾನದಲ್ಲಿ ದೊರೆಯುತ್ತದೆ. ದಂಗೆ ಮುರಿದು ಫರ್ಗಸನಿಗೆ ಮರಣದಂಡನೆ ಎದುರಾಗಿದೆ. ಅವನ ಬಂಟ ಇವಾನ್ ಧೂ ಎದ್ದು, ನಾಯಕನನ್ನು ಬಿಟ್ಟರೆ ತನ್ನನ್ನೂ ಸೇರಿಸಿ ಕುಲದ ಆರು ಮಂದಿಯ ತಲೆ ಕೊಡುವೆನು, ಉಳಿದವರನ್ನು ತಾನೇ ಹೋಗಿ ಕರೆತರುವೆನು ಎನ್ನುತ್ತಾನೆ. ಸಭೆ ನಗುತ್ತದೆ. ತನ್ನಂಥ ಬಡವನ ಪ್ರಾಣ ನಾಯಕನ ಪ್ರಾಣಕ್ಕೆ ಸಮವಲ್ಲವೆಂದು ನಕ್ಕರೆ ಸರಿಯೇ ಇದ್ದೀತು, ಹೋದವನು ತಿರುಗಿ ಬಾರನೆಂದು ನಕ್ಕರೆ ಮಲೆನಾಡಿಗನ ಹೃದಯ ನಿಮಗೆ ತಿಳಿಯದು ಎಂದು ಅವನು ಉತ್ತರ ಕೊಡುತ್ತಾನೆ. ಅಲ್ಲಿ ಕಣ್ಣು ತೇವವಾಗದ ಓದುಗನು ವಿರಳ.

ಇದು ಕಲ್ಪನೆ, ಇದರ ಹಿಂದಿನ ನಷ್ಟ ನಿಜ. 1746ರ ಏಪ್ರಿಲ್ 16ರಂದು ಕಲಾಡನ್ ಬಯಲಿನಲ್ಲಿ ಸ್ಟುವರ್ಟರ ಆಸೆ ಮಣ್ಣುಗೂಡಿತು. ಸರಕಾರವು ಕುಲನಾಯಕರ ಪರಂಪರೆಯ ನ್ಯಾಯಾಧಿಕಾರವನ್ನು ಕಿತ್ತುಕೊಂಡಿತು. ಮಲೆನಾಡಿನ ಉಡುಪನ್ನೇ ನಿಷೇಧಿಸಿತು. ಆ ನಿಷೇಧ ತೊಲಗಿದ್ದು 1782ರಲ್ಲಿ. ದಂಗೆಯಲ್ಲಿ ಕತ್ತಿ ಹಿಡಿದಿದ್ದ ವೃದ್ಧರ ಬಾಯಿಂದಲೇ ಸ್ಕಾಟನು ಹಳೆಯ ಕಥೆಗಳನ್ನು ಕೇಳಿದ್ದನು. ಅವರೊಡನೆ ಒಂದು ಲೋಕವೇ ಮರೆಯಾಗುತ್ತಿತ್ತು. ಕಾದಂಬರಿಗೆ ‘ಅರವತ್ತು ವರ್ಷಗಳ ಹಿಂದೆ’ ಎಂಬರ್ಥದ ಉಪನಾಮವಿಟ್ಟದ್ದು ಸುಮ್ಮನೆ ಅಲ್ಲ.

ಅಳಿದ ಲೋಕಕ್ಕಾಗಿ ನಾವು ಮರುಗಬೇಕಾದರೆ ಮೊದಲು ಅದರಲ್ಲಿ ಕೆಲಕಾಲ ವಾಸಿಸಬೇಕು. ನಿಮ್ಮ ರೇಡಿಯೋದಲ್ಲಿ ವಿದ್ವಾಂಸರು ರಾಗವನ್ನು ಆಲಾಪಿಸುವಾಗ, ಕೃತಿ ಇನ್ನೂ ಬರಲಿಲ್ಲವೆಂದು ನೀವು ಗುಂಡಿ ತಿರುಗಿಸುವಿರಾ? ಐತಿಹಾಸಿಕ ಕಾದಂಬರಿಗೂ ಅಷ್ಟು ಅವಕಾಶ ಕೊಡಿ. ಬೀರುವಿನಲ್ಲಿ ಗುರುತಿನ ಚೀಟಿ ಇಟ್ಟು ಮರೆತ ಪುಸ್ತಕ ಒಂದಿದ್ದರೆ, ಈ ತಿಂಗಳು ಅದನ್ನು ಮತ್ತೆ ತೆರೆಯಿರಿ.