ಅಗೋ, ಅಪ್ಪ ಬಂದರು

ರಾಜಾ ರವಿವರ್ಮ (1848–1906) 1893ರಲ್ಲಿ ರಚಿಸಿದ ತೈಲಚಿತ್ರ. ತಿರುವನಂತಪುರದ ಕೌಡಿಯಾರ್ ಅರಮನೆಯ ಸಂಗ್ರಹಕ್ಕೆ ಸೇರಿದ್ದು. ಕಲಾವಿದನ ಮಗಳು ಮಹಾಪ್ರಭಾ ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ. ತಾಯಿಮಗುವಿನ ನೋಟ ಚೌಕಟ್ಟಿನಾಚೆ, ಎಡಕ್ಕೆ. ಕಾಲ ಬಳಿ ನಾಯಿ. ಬರುತ್ತಿರುವ ತಂದೆ ಚಿತ್ರದಲ್ಲಿಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದಂತೆ ಕಲಾವಿದನ ಮಲೆಯಾಳ ನಾಡಿನ ಹಲವು ಮನೆತನಗಳಲ್ಲಿಯೂ ವಂಶ ತಾಯಿಯ ಕಡೆಯಿಂದ ಸಾಗುತ್ತಿತ್ತು. ಮನೆಯ ಯಜಮಾನಿಕೆ ಸೋದರಮಾವನದು. ಆ ಪದ್ಧತಿ ಪ್ರಶ್ನೆಗೊಳಗಾಗುತ್ತಿದ್ದ ಕಾಲದಲ್ಲಿ ತಂದೆಯ ಬರವನ್ನೇ ವಸ್ತುವಾಗಿಸಿದ್ದು ಈ ಚಿತ್ರದ ಹೆಚ್ಚುಗಾರಿಕೆ. ಬಿಳಿ ಬಟ್ಟೆಯ ನೆರಿಗೆ, ಮೈಬಣ್ಣದ ನೆರಳುಬೆಳಕುಗಳಲ್ಲಿ ಯುರೋಪಿನ ಅಕಾಡೆಮಿ ಶೈಲಿಯ ಹಿಡಿತವಿದೆ. ಆದರೆ ಉಡುಗೆ, ನಿಲುವು ಅಪ್ಪಟ ಮಲೆಯಾಳದವು. ರವಿವರ್ಮನ ಪೌರಾಣಿಕ ನಾಯಿಕೆಯರಿಗಿಂತ ಈಕೆ ಹೆಚ್ಚು ಜೀವಂತ. 1893ರ ಷಿಕಾಗೋ ವಿಶ್ವಮೇಳಕ್ಕೆ ಹೋದ ಅವನ ಹತ್ತು ಚಿತ್ರಗಳಲ್ಲಿ ಇದೂ ಒಂದು.